ಅನ್ನದೇ ಉಳಿದ ‘ಬಿಡ್ತು’

ಅಮೆರಿಕದಲ್ಲಿ ನಾವಿರುವ ಊರು ನೋವೈಯ ಇಂಡಿಯನ್ ಅಂಗಡಿಯಲ್ಲಿ ಮೊನ್ನೆ ಬೆಂಡೆಕಾಯಿಯ ಪಕ್ಕ ಪಾಪಾಸುಕಳ್ಳಿ ಜೋಡಿಸಿಟ್ಟಿದ್ದರು. ಮುಳ್ಳು ಕೆರೆದು, ತೊಳೆದು, ತರಕಾರಿಯ ಲೆಕ್ಕದಲ್ಲಿ. ಹೊರಗೆ ಹಿಮ ಬೀಳುತ್ತಿತ್ತು. ಒಂದನ್ನು ಕೈಗೆತ್ತಿಕೊಂಡೆ. ಎಲ್ಲೋ ಉಳಿದಿದ್ದ ಮುಳ್ಳು ಬೆರಳಿಗೆ ಚುಚ್ಚಿತು. ಹಿಂದೆ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು...

ರಿಸೆಷನ್ನಿನ ಕಾಲ ಅದು. ಪಕ್ಕದೂರು ವಿಕ್ಸಮ್‌ನ ಕಾರ್ಖಾನೆಯಲ್ಲಿದ್ದ ಅಂಕಲ್ ಅವರ ಕೆಲಸ ಹೋಗಿತ್ತು. ಬೇಗ ಇನ್ನೊಂದು ಕೆಲಸ ಸಿಗದಿದ್ದರೆ ವೀಸಾ ಮುಗಿದು ಮೈಸೂರಿಗೆ ಗಂಟುಮೂಟೆ ಕಟ್ಟಬೇಕು. ಮಗಳ ಹೈಸ್ಕೂಲು ಮುಗಿಯಲು ಇನ್ನೊಂದೇ ವರ್ಷ. ಅದನ್ನಾದರೂ ಇಲ್ಲೇ ಮುಗಿಸಬೇಕೆಂದು ಆಂಟಿ ಒದ್ದಾಡುತ್ತಿದ್ದರು. ನನ್ನಮ್ಮನಿಗೆ ವೀಸಾ ಸಿಗದಿದ್ದಾಗ ನನ್ನ ಬಾಣಂತನ ಮಾಡಿದವರು ಈ ಆಂಟಿ. ನನ್ನ ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕಿದವರು. ಅವರಿಲ್ಲದ ನೋವೈಯನ್ನು ನೆನೆದರೇ ನನಗೆ ಅಳು ಬರುತ್ತಿತ್ತು.

ಆ ಚಳಿಗಾಲದಲ್ಲಿ ಅಂಕಲ್‌ಗೆ ಅರಿಜೋನಾದಿಂದ ಇಂಟರ್‌ವ್ಯೂಗೆ ಕರೆ ಬಂತು. ಊರು ಹೇಗಿದೆಯೋ ನೋಡೋಣವೆಂದು ಆಂಟಿಯೂ ಹೊರಟರು, ಜೊತೆಗೆ ನನ್ನನ್ನೂ ಕರೆದರು. ಮಗುವನ್ನು ಗಂಡನ ಕೈಗೊಪ್ಪಿಸಿ ಹೊರಟೇಬಿಟ್ಟೆ. ಬಿಸಿಲು ಕಾಣುವ ಆಸೆ ನನಗೆ.

ಅಂಕಲ್ ಇಂಟರ್‌ವ್ಯೂಗೆ ಹೋದಾಗ ನಾವಿಬ್ಬರೂ ಮರುಭೂಮಿಯ ಒಂದು ಹಳೆಯ ಬಂಗಲೆ ನೋಡಲು ಹೋದೆವು. ಶಿಕಾಗೋದ ಯಾವನೋ ಸಿರಿವಂತ ಚಳಿ ತಪ್ಪಿಸಿಕೊಳ್ಳಲು ಕಟ್ಟಿಸಿದ್ದಂತೆ. ಈಗ ಅದರ ತೋಟ ಎಲ್ಲರಿಗೂ ತೆರೆದಿತ್ತು. ಜನವರಿಯಲ್ಲೂ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟಿನ ಹಿತವಾದ ಬಿಸಿಲು. ಆಂಟಿ ಸ್ವೆಟರ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡರು. ಕಳ್ಳಿ, ಕತ್ತಾಳೆ, ಲೋಳೆಸರ... ಒಂದೊಂದರ ಮುಂದೂ ಹೆಸರಿನ ಫಲಕ.

“ನಮ್ಮೂರಲ್ಲಿ ಇದನ್ನ ಬೇಲಿಗೆ ಹಾಕ್ತಾರೆ. ಇಲ್ಲಿ ಟಿಕೆಟ್ ಇಟ್ಟಿದಾರಲ್ಲೇ” ಎಂದು ನಕ್ಕರು. ತಿಂಗಳುಗಳ ನಂತರ ಅವರು ನಕ್ಕಿದ್ದು ಅಂದೇ. ಕೆಲಸ ಸಿಕ್ಕರೆ ದಿನಾ ಇಲ್ಲಿಗೆ ವಾಕಿಂಗ್ ಬರುತ್ತೇನೆ ಎಂದರು. ನಾನಿಲ್ಲದ ಊರಿನ ಬಗ್ಗೆ ಅವರಿಗೆ ಅಷ್ಟು ಸಂತೋಷವೇ ಎಂದು ನನಗೆ ಹೊಟ್ಟೆಕಿಚ್ಚು.

ಹೊತ್ತು ಮುಳುಗುತ್ತಿತ್ತು. ತಮಾಷೆಯ ದನಿಯಲ್ಲೇ ಅಂದೆ: “ಈ ಕೆಲಸ ಸಿಗದೇ ಇರ್ಲಿ ಆಂಟಿ. ನೀವು ನೋವೈಯಲ್ಲೇ ಇರಿ.”

ಆಂಟಿ ನಿಂತುಬಿಟ್ಟರು. “ಮೂರು ಸಂಜೆ ಹೊತ್ತಲ್ಲಿ ಎಂಥ ಮಾತಾಡ್ತೀಯೇ. ಅಸ್ತು ದೇವತೆಗಳು ಓಡಾಡ್ತಿರ್ತಾರೆ. ಬಿಡ್ತು ಅನ್ನು.”

“ಇಲ್ಲಿಗೆ ಬರೋಕೆ ಅವರಿಗೂ ವೀಸಾ ಬೇಕಲ್ಲ ಆಂಟಿ” ಎಂದೆ. ನನ್ನ ಚುರುಕು ಮಾತಿಗೆ ನಾನೇ ನಕ್ಕೆ. ಅವರೂ ನಕ್ಕರು. ಆಮೇಲೆ ಮೆಲ್ಲಗೆ, “ಆದ್ರೂ ಅನ್ನು” ಎಂದರು. ಅಷ್ಟರಲ್ಲಿ ಅಂಕಲ್ ಫೋನ್ ಬಂತು, ಇಂಟರ್‌ವ್ಯೂ ಚೆನ್ನಾಗಿ ಆಯಿತೆಂದು. ಆಂಟಿ ಖುಷಿಯಲ್ಲಿ ಮರೆತರು. ನಾನು ಮರೆತಿರಲಿಲ್ಲ. ‘ಬಿಡ್ತು’ ಅನ್ನಲಿಲ್ಲ, ಅಷ್ಟೇ.

ಆ ಕೆಲಸ ಸಿಗಲಿಲ್ಲ. ನೋವೈಯಲ್ಲೂ ಏನೂ ಸಿಗಲಿಲ್ಲ. ಮಗಳ ಶಾಲೆ ಬಿಡಿಸಿಕೊಂಡು ಮೂವರೂ ಮೈಸೂರಿಗೆ ಹೊರಟರು. ಏರ್‌ಪೋರ್ಟಿನಲ್ಲಿ ಆಂಟಿ ಆ ಸಂಜೆಯ ಸುದ್ದಿ ಎತ್ತಲಿಲ್ಲ. ಮಗುವಿಗೆ ಎಣ್ಣೆ ಬೆಚ್ಚಗೆ ಮಾಡಿಯೇ ಹಚ್ಚು ಎಂದು ಹೇಳಿ ಹೋದರು... ಒಂದು ಮಾತಿಗೆ ಕಂಪನಿಗಳು ಕೆಲಸ ಕೊಡುವುದನ್ನು ನಿಲ್ಲಿಸುವುದಿಲ್ಲವೆಂದು ನನಗೂ ಗೊತ್ತು. ಆದರೆ ಆ ಮಾತು ನನ್ನ ಮನಸ್ಸಿನಲ್ಲಿದ್ದುದೇ ಆಗಿತ್ತಲ್ಲ. ಹೋದ ವರ್ಷ ಆಂಟಿ ತೀರಿಕೊಂಡರು.

ಅಂಗಡಿಯಲ್ಲಿ ಕಳ್ಳಿಯನ್ನು ವಾಪಸಿಟ್ಟು, ನನಗೇ ಕೇಳುವಷ್ಟು ಮೆಲ್ಲಗೆ “ಬಿಡ್ತು” ಅಂದೆ. ಪಕ್ಕದಲ್ಲಿದ್ದ ಮಗಳಿಗೆ ಕೇಳಿಸಿಯೇಬಿಟ್ಟಿತು. ಆಂಟಿಯ ಮಗಳಿಗೆ ಆಗ ಇದ್ದಷ್ಟೇ ವಯಸ್ಸು ಈಗ ಇವಳಿಗೆ.

“ವಾಟ್ ಡಸ್ ದಟ್ ಮೀನ್, ಅಮ್ಮ?”

“ಆಡಿದ ಕೆಟ್ಟ ಮಾತನ್ನ ವಾಪಸ್ ತಗೊಳ್ಳೋದು.”

“ಡಸ್ ಇಟ್ ವರ್ಕ್?”

“ಆಗ್ಲೇ ಅನ್ಬೇಕು ಕಣೆ” ಎಂದೆ.