ಗೌರಿಯ ಕಾಗದ

೨೦೦೪ರಲ್ಲಿ ನಾನು ಪಾಲಿಬೆಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ ಕೆಲಸ ಹಂಚುವ ಗುಮಾಸ್ತನಿಗೆ ನಮ್ಮಲ್ಲಿ ರೈಟರ್ ಎನ್ನುತ್ತಾರೆ. ಓದಿದ್ದು ಎಸ್ಸೆಸ್ಸೆಲ್ಸಿ. ಆಗಾಗ ಕಥೆ ಬರೆದು ವಾರಪತ್ರಿಕೆಗಳಿಗೆ ಕಳಿಸುತ್ತಿದ್ದೆ. ಭಾನುವಾರ ಆಳುಗಳು ತಾವಿದ್ದ ಲೈನುಮನೆಗಳಿಂದ ಬಂದು ಊರಿಗೆ ಕಾಗದ ಬರೆಸಿಕೊಳ್ಳುತ್ತಿದ್ದರು.

ಹಾಗೆ ಬಂದವಳು ಪಿರಿಯಾಪಟ್ಟಣದ ಕಡೆಯ ಗೌರಿ. ತಾಯಿ ಸತ್ತಾಗ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಬಿಟ್ಟು ಹೋಗಲಿಲ್ಲವೆಂದು ಊರಿನಲ್ಲಿದ್ದ ಅಕ್ಕ ಎಂಟು ವರ್ಷದಿಂದ ಮಾತು ಬಿಟ್ಟಿದ್ದಳು. ಈಗ ಗೌರಿಯ ಮಗಳ ಮದುವೆಗೆ ಅವಳನ್ನು ಕರೆಯಬೇಕಿತ್ತು. ನಾನು ಪೀಠಿಕೆ ಹಾಕಲು ಹೋದಾಗ ಗೌರಿ ತಡೆದಳು.

"ಚಂದ ಮಾಡಬ್ಯಾಡಿ ರೈಟ್ರೇ. ಚಂದ ಮಾಡುದ್ರೆ ಅಕ್ಕ ನಂಬಕಿಲ್ಲ. ನಾನು ಹೇಳ್ದಂಗೇ ಬರೀರಿ. ಅವ್ವನ ಸೀರೆ ಇನ್ನೂ ಒಗೆದಿಲ್ಲ ಕಣಕ್ಕ, ಒಗುದ್ರೆ ಅವ್ವನ ವಾಸ್ನೆ ಹೊಂಟೋಯ್ತದೆ."

ಬರೆದು, ಓದಿ ಹೇಳಿದೆ. ಅಂಚೆಗೆ ಹಾಕುವ ಮೊದಲು ನನ್ನ ನೋಟ್‌ಬುಕ್ಕಿಗೂ ಇಳಿಸಿಕೊಂಡೆ. ಮದುವೆಗೆ ಬರುತ್ತೇನೆಂದು ಅಕ್ಕನ ಉತ್ತರ ಬಂದಾಗ ಗೌರಿ ಆಫೀಸಿಗೆ ಬಾಳೆಹಣ್ಣು ತಂದುಕೊಟ್ಟಳು. ಆ ಹೊತ್ತಿಗೆ ನಾನು ಕಾಗದವನ್ನು ಇದ್ದಂತೆಯೇ ಒಂದು ಕಥೆಯೊಳಗೆ ಇಟ್ಟು ಪತ್ರಿಕೆಗೆ ಕಳಿಸಿಯಾಗಿತ್ತು.

ಕಥೆ ಅಚ್ಚಾಯಿತು. ವಿರಾಜಪೇಟೆಯಲ್ಲಿ ಕಥೆಗಾರರ ಒಂದು ಕೂಟಕ್ಕೆ ನನ್ನನ್ನೂ ಕರೆದರು. ಒಬ್ಬರು ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ನೆನೆದರು, ಇನ್ನೊಬ್ಬರು ಹತ್ತು ಸಲ ತಿದ್ದಿ ಬರೆಯುತ್ತೇನೆಂದರು. ಆ ಸೀರೆಯ ಮಾತು ಎಲ್ಲಿಂದ ಬಂತೆಂದು ನನ್ನನ್ನು ಕೇಳಿದರು. ತೋಟದಲ್ಲಿ ಓಡಾಡುವಾಗ ತಾನಾಗಿ ಹೊಳೆಯಿತು ಎಂದೆ. ಚಪ್ಪಾಳೆ ಬಿತ್ತು.

ಮುಂದಿನ ವಾರ ಗೌರಿ ತನ್ನ ಕಾಗದ ಹಿಡಿದು ಬಂದಳು. ಅಕ್ಕನಿಗೆ ಅದನ್ನು ಓದಿ ಹೇಳಿದ್ದ ಅವಳ ಮಗನೇ ಪತ್ರಿಕೆಯಲ್ಲಿ ಕಥೆಯನ್ನೂ ಓದಿದ್ದನಂತೆ. ಅಕ್ಕ ಕಾಗದ ವಾಪಸು ಕಳಿಸಿದ್ದಳು.

"ನಿಮ್ ರೈಟ್ರು ಕಟ್ಟಿದ ಕಥೆಗೆ ನಾನು ಅತ್ತೆನಲ್ಲ ಅಂದವಳೆ. ಇದು ನಾನು ಹೇಳಿದ್ದೇ ಅಂತ ಅವಳಿಗೆ ಒಂದು ಮಾತು ಹೇಳಿ ರೈಟ್ರೇ."

ಇವತ್ತೇ ಬರೆದು ಹಾಕುತ್ತೇನೆ ಎಂದೆ.

"ಬರೆಯೋದು ಬ್ಯಾಡ. ಹೋಗಿ ಹೇಳಿ."

ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸಾಗುವ ದೂರ. ಆಳು ಕಡಿಮೆ, ರಜೆ ಸಿಗುವುದಿಲ್ಲ ಎಂದೆ. ನಿಜವಾದ ಕಾರಣ ಬೇರೆ. ಅಲ್ಲಿ ಒಪ್ಪಿಕೊಂಡರೆ ವಿರಾಜಪೇಟೆಗೂ ಸುದ್ದಿ ಮುಟ್ಟುತ್ತದೆಂಬ ಭಯ. ಹೋಗಲಿಲ್ಲ. ಮದುವೆಗೆ ಅಕ್ಕ ಬರಲಿಲ್ಲ. ಗೌರಿ ಜಗಳವಾಡಲಿಲ್ಲ, ಆದರೆ ಮತ್ತೆ ಯಾವ ಭಾನುವಾರವೂ ನನ್ನ ಬಳಿ ಬರಲಿಲ್ಲ. ಮರುವರ್ಷ ಬೇರೆ ಎಸ್ಟೇಟಿಗೆ ಹೋದಳು.

ನಂಬಿ ಹೇಳಿದ ಮಾತನ್ನು ಬರೆದುಕೊಟ್ಟ ಮಾತ್ರಕ್ಕೆ ಅದು ನನ್ನದಾಗುವುದಿಲ್ಲ ಎಂದು ಕಲಿತದ್ದು ತಡವಾಗಿ. ಈಗ ಕೇಳಿದವರಿಗೆಲ್ಲ ಅದು ಗೌರಿಯ ಮಾತು ಎನ್ನುತ್ತೇನೆ. ಅವರು ತಕ್ಷಣ ನಂಬುತ್ತಾರೆ. ನಂಬಬೇಕಾಗಿದ್ದವಳು ಅವಳ ಅಕ್ಕ ಒಬ್ಬಳೇ, ಅವಳಿಗೆ ನಾನು ಹೇಳಲಿಲ್ಲ.