ಕೆಮ್ಮು ತೆಗೆದ ಧ್ವನಿ

ಇವತ್ತು ಬೆಳಿಗ್ಗೆ ನಮ್ಮ ಓಣಿಗೆ ಉಳ್ಳಾಗಡ್ಡಿ ಮಾರುವ ಆಟೊ ಬಂದಿತ್ತು. ಅದರ ಮೈಕಿನಲ್ಲಿ ಒಬ್ಬ ಮುದುಕಿ ಸೊಸೆಯನ್ನು ಬೈಯುತ್ತಿದ್ದಳು. "ಏಯ್, ಉಳ್ಳಾಗಡ್ಡಿ ಹೆಚ್ಚಾಕ ಕುಂತು ಅಳ್ತೀಯೇನ? ಹೊರಗ ಹೋಗಿ ರೇಟ್ ಕೇಳು, ನಗು ಬರ್ತೈತಿ!" ಹೆಂಗಸರು ಚೀಲ ಹಿಡಿದು ನಗುತ್ತಲೇ ಹೊರಬಂದರು. ನಾನು ಬ್ರಷ್ ಬಾಯಲ್ಲಿಟ್ಟುಕೊಂಡು ಬಚ್ಚಲ ಬಾಗಿಲಲ್ಲೇ ನಿಂತುಬಿಟ್ಟೆ. ಆ ಮುದುಕಿ ನಿಜಕ್ಕೂ ಗಂಡಸು. ಹೆಸರು ಕಿಷ್ಟಪ್ಪ, ನನ್ನ ಗೆಳೆಯ. ತೀರಿಕೊಂಡು ಎರಡು ವರ್ಷವಾಯಿತು.

ನೀವು ಮಕ್ತಲ್ ಕಡೆಯವರಾದರೆ ಅವನ ಧ್ವನಿ ನಿಮಗೆ ಗೊತ್ತೇ ಇರುತ್ತದೆ. ಮೊದಲು ಅಲ್ಲಿನ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಚೀಲ ಹೊರುತ್ತಲೇ ದಲಾಲರ ಧ್ವನಿ ತೆಗೆದು ರೈತರನ್ನು ನಗಿಸುತ್ತಿದ್ದ. ಆಮೇಲೆ ಗದ್ವಾಲದ ಒಂದು ಆರ್ಕೆಸ್ಟ್ರಾದವರು ಕರೆದುಕೊಂಡು ಹೋದರು. ಎರಡು ಹಾಡುಗಳ ನಡುವೆ ಜನ ಎದ್ದು ಹೋಗದಂತೆ ನಗಿಸುವುದು ಕೆಲಸ. ಹೈದರಾಬಾದಿನಲ್ಲೂ ಆರು ತಿಂಗಳು ಇದ್ದ. ಮಕ್ಕಳ ಕಾರ್ಟೂನುಗಳಿಗೆ ಕತ್ತೆ, ಕಾಗೆ, ಕಪ್ಪೆಗಳ ಧ್ವನಿ ಕೊಟ್ಟ. "ಮನಷ್ಯಾಂದು ಒಂದೂ ಕೊಡಲಿಲ್ಲಪಾ" ಎನ್ನುತ್ತಾ ವಾಪಸು ಬಂದವನು ನನ್ನ ಕೋಣೆಯಲ್ಲಿ ಕುಳಿತ.

ನನ್ನದು ನಾರಾಯಣಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ರೆಕಾರ್ಡಿಂಗ್ ಕೋಣೆ. ಸ್ಟುಡಿಯೊ ಎಂದು ಬೋರ್ಡು ಹಾಕಿದ್ದೇನೆ, ಒಳಗೆ ಗೋಡೆಗೆ ಕೌದಿ ಹೊಡೆದಿದ್ದೇನೆ. ಬಸ್ಸು ಹಾರ್ನ್ ಹೊಡೆದರೆ ಇಬ್ಬರೂ ಬಾಯಿ ಮುಚ್ಚಿ ಕೂರಬೇಕು. ಬೀಜದಂಗಡಿ, ಸೀರೆಯಂಗಡಿ, ತರಕಾರಿ ಆಟೊ, ಎಲ್ಲಕ್ಕೂ ಕನ್ನಡದಲ್ಲೊಂದು ತೆಲುಗಿನಲ್ಲೊಂದು ಜಾಹೀರಾತು ಅವನು ಹೇಳುತ್ತಿದ್ದ. ಕೆಮ್ಮು, ಉಸಿರು, ನಡುವಿನ ಹರಟೆಯನ್ನು ಕತ್ತರಿಸಿ ಸಾಫು ಮಾಡುವುದು ನನ್ನ ಕಸುಬು. ಸಾಫು ಎಂದರೆ ನನಗೊಂದು ಹುಚ್ಚು. ಮನೆಯಲ್ಲಿ ಯಾರಾದರೂ ಸೀನಿದರೂ ನನ್ನ ಬೆರಳು ಮೌಸ್ ಹುಡುಕುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಮೊದಮೊದಲು ಒಂದು ಜಾಹೀರಾತಿಗೆ ಒಂದು ಕೆಮ್ಮು ಇರುತ್ತಿತ್ತು. ಆಮೇಲೆ ನಾಲ್ಕಾಯಿತು. ಕೊನೆಯ ವರ್ಷ ಸಾಲಿಗೊಂದು. "ಎಲಿಗೆ ಸುಣ್ಣ ಜಾಸ್ತಿ ಆಗೈತಪಾ" ಎನ್ನುತ್ತಿದ್ದ. ನಂಬಿದೆ, ನಂಬಿದರೆ ಕೆಲಸ ಬೇಗ ಮುಗಿಯುತ್ತಿತ್ತು. ಊರಿನವರ ಪಾಲಿಗೆ ಕಿಷ್ಟಪ್ಪನ ಗಂಟಲು ಕೊನೆಯವರೆಗೂ ಗಟ್ಟಿಮುಟ್ಟಾಗಿಯೇ ಇತ್ತು. ಅದು ಹಾಗಿಲ್ಲವೆಂದು ತಿಳಿದಿದ್ದವನು ನಾನೊಬ್ಬನೇ. ಒಂದು ದಿನ ಕೈ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋಗಲಿಲ್ಲ.

ರಾಯಚೂರಿನ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದಾಗ ಅವನ ಮಗಳು ಶಾರದಾ ನನ್ನ ಹತ್ತಿರ ಬಂದಳು.

"ಕಾಕಾ, ನಮ್ಮಪ್ಪನ ಮನೀ ಧ್ವನಿ ಒಂದೀಟು ತುಂಬಿಕೊಡ್ರಿ. ಮುದುಕಿದು ಬ್ಯಾಡ, ಕತ್ತಿದು ಬ್ಯಾಡ. ನನ್ನ ಶಾರವ್ವ ಅಂತಾನಲ್ರಿ, ಅದು ಬೇಕು."

ಆಪರೇಷನ್ನಿನ ಹಿಂದಿನ ದಿನ ಕೂಡಿಸಿದೆ. ಮೈಕು ಹಚ್ಚಿದೊಡನೆ ಮುದುಕಿ ಬಂದಳು, ದಲಾಲ ಬಂದ, ಕಾಗೆ ಬಂತು. ಅವನು ಮಾತ್ರ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆವರು ಒರೆಸಿಕೊಂಡು, ಆಗುವುದಿಲ್ಲವೆಂದು ಕೈಯಾಡಿಸಿಬಿಟ್ಟ. ನಾನು ಧೈರ್ಯ ಹೇಳಿದೆ, ಹಳೆಯ ರೆಕಾರ್ಡಿಂಗುಗಳ ನಡುವೆ ನಿನ್ನ ಹರಟೆ ಬೇಕಾದಷ್ಟು ಇರುತ್ತದೆ ಎಂದು. ಹುಡುಕಿದರೆ ಹನ್ನೊಂದು ವರ್ಷದ ಕೆಲಸ ಸಾಫಾಗಿ ಕೂತಿತ್ತು. ಕತ್ತರಿಸಿದ್ದನ್ನು ಜಾಗ ಹಿಡಿಯುತ್ತದೆಂದು ಆಗಾಗ ಅಳಿಸಿಬಿಟ್ಟಿದ್ದೆ. ಶಾರದಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಪರೇಷನ್ ಆದಮೇಲೆ ಎಂಟು ತಿಂಗಳು ಬದುಕಿದ. ಒಮ್ಮೆ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸು ಯಾವುದೆಂದು ಬಾಯಿ ತೆರೆದು, ಕೈಸನ್ನೆಯಿಂದ ಕೇಳಿದ. ಗುರುತಿದ್ದ ನಾಲ್ಕು ಜನ ಸುತ್ತ ನೆರೆದರು. "ಕಿಷ್ಟಪ್ಪ ಹೊಸಾದು ತೆಗದಾನ್ರಲೇ! ಯಾರ್ದು, ಗುರ್ತು ಹಿಡೀರಿ ನೋಡೂನು!" ಎಂದು ಒಬ್ಬ ಕೂಗಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಕೈಯಾಡಿಸಿದಷ್ಟೂ ನಗು ಜಾಸ್ತಿಯಾಯಿತು. ನಾನು ಪಕ್ಕದಲ್ಲೇ ಇದ್ದೆ. ಜನರನ್ನು ಗದರಿಸಲಿಲ್ಲ. ಕೊನೆಗೆ ಅವನೇ ಕುತ್ತಿಗೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಗಂಟಲಿನ ತೂತು ತೋರಿಸಿದ. ಅವನ ಮುಂದೆ ಜನ ನಗದೆ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಂಡಕ್ಟರು ರಟ್ಟೆ ಹಿಡಿದು ಬಸ್ಸು ಹತ್ತಿಸಿದ.

ಇವತ್ತು ಬೆಳಿಗ್ಗೆಯ ಮುದುಕಿ ಬೈದು ಮುಗಿಸಿದಳು. ಮತ್ತೆ ಶುರುವಾಗುವ ಮುಂಚೆ ಮೈಕಿನಲ್ಲಿ ಉದ್ದಕ್ಕೆ ಕೆಮ್ಮು ಕೇಳಿತು. ಹಿಂದೆಯೇ ದಣಿದ ಒಂದು ಗಂಡು ಧ್ವನಿ: "ಸಾಕೇನಪಾ ಇಷ್ಟು? ಮನೀಗಿ ಹೋಗ್ತೀನಿ. ಶಾರವ್ವ ಉಣ್ಣದ ಕಾಯಾಕತ್ತಿರ್ತಾಳ."

ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿದೆ. ಆಟೊದವನು ಉಟ್ಕೂರಿನವನು, ಹಳೇ ಗಿರಾಕಿ. ನನ್ನನ್ನು ನೋಡಿ ಅವನೇ ಸಂಕೋಚಪಟ್ಟ.

"ನೀವು ಸಾಫ್ ಮಾಡಿ ಕೊಟ್ಟಿದ್ದು ಕೆಟ್ಟೋತ್ರಿ. ಅರ್ಜೆಂಟ್ ಐತಿ ಅಂತ ಸಾಫ್ ಮಾಡೂ ಮೊದ್ಲ ಒಯ್ದಿದ್ನಲ್ರಿ, ಆ ಪೆನ್‌ಡ್ರೈವ್ ಹಾಕೀನಿ. ಕೊನೀಗೆ ಕೆಮ್ಮೈತ್ರಿ, ತೆಗದು ಕೊಡ್ರಿ."

ಕಂಪ್ಯೂಟರಿಗೆ ಹಾಕಿದೆ. ಹಳೆಯ ಚಟ, ಬೆರಳು ತಾನಾಗಿ ಕೆಮ್ಮಿನ ಮೇಲೆ ಹೋಯಿತು. ಅದನ್ನು ತೆಗೆದರೆ ಶಾರದೆಗೆ ಬರೀ ಅಪ್ಪ ಸಿಗುತ್ತಾನೆ. ನಾನೂ ಬಚಾವಾಗುತ್ತೇನೆ. ಬಹಳ ಹೊತ್ತು ಕೂತೆ ಎಂದು ಒಪ್ಪಿಕೊಳ್ಳುತ್ತೇನೆ, ನಿಮ್ಮ ಹತ್ತಿರ ಮುಚ್ಚಿಟ್ಟು ಏನಾಗಬೇಕು? ಕಡೆಗೆ ಮುಟ್ಟದೆ ಹಾಗೇ ಬಿಟ್ಟು ಅವಳಿಗೆ ಫೋನು ಮಾಡಿದೆ.

ಮಧ್ಯಾಹ್ನದ ಬಸ್ಸಿಗೆ ಮಕ್ತಲಿನಿಂದ ಬಂದಳು. ಕೌದಿ ಗೋಡೆಗೆ ಒರಗಿ, ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು ಕೇಳಿದಳು. ತನ್ನ ಹೆಸರು ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನೊಮ್ಮೆ ಹಾಕಿರೆಂದಳು. ಮೂರನೆಯ ಸಲಕ್ಕೆ ಕೆಮ್ಮಿನ ಹತ್ತಿರ ಕೈ ಎತ್ತಿ ನಿಲ್ಲಿಸಿದಳು.

"ಕಾಕಾ, ಅಪ್ಪ ಮನ್ಯಾಗ ಮುಚ್ಚಿಟ್ಟಿದ್ದನ್ರಿ. ಇಷ್ಟು ಕೆಮ್ಮೋದು ನಿಮಗ ಆವಾಗ ಕೇಳ್ತಿತ್ತೇನ್ರಿ?"

ಹೊರಗೆ ಯಾವ ಬಸ್ಸೂ ಹಾರ್ನ್ ಹೊಡೆಯಲಿಲ್ಲ.

"ದಿನಾ ಕೇಳ್ತಿತ್ತವ್ವಾ" ಎಂದೆ.