ಬೇವಿನ ಅಂಟು ಹಚ್ಚಿದ ಸ್ಟಾಂಪು

ನನ್ನ ಹೆಂಡತಿ ಹೋದ ಮೇಲೆ ಅವಳ ಸೀರೆಗಳನ್ನು ನಾದಿನಿಯರು ಹಂಚಿಕೊಂಡರು. ಸ್ಟಾಂಪಿನ ಆಲ್ಬಂ ಯಾರಿಗೂ ಬೇಕಾಗಲಿಲ್ಲ, ನನ್ನ ಹತ್ತಿರವೇ ಉಳಿಯಿತು. ಅದರಲ್ಲಿ ಒಂದು ಸ್ಟಾಂಪಿನ ಮೇಲೆ ಅವಳಿಗೆ ಪ್ರಾಣ. ರಾಯಲ್ಪಾಡಿನ ಅವಳ ತಾತನಿಗೆ ಬಂದಿದ್ದ ಸರ್ಕಾರಿ ಲಕೋಟೆಯಿಂದ ಚಿಕ್ಕವಳಿದ್ದಾಗ ಬಿಡಿಸಿದ್ದು. ರಾಜನ ತಲೆ, ಅಂಚೆಯ ಮುದ್ರೆ, ಜೊತೆಗೆ ಸರ್ಕಾರಿ ಬಳಕೆಗೆಂದು ಒತ್ತಿದ ಕಪ್ಪು ಅಕ್ಷರಗಳು. ಆ ಅಕ್ಷರಗಳು ತಲೆಕೆಳಗಾಗಿ ಬಿದ್ದಿದ್ದವು. ಇಂಥದ್ದು ಬಹಳ ಅಪರೂಪ ಎಂದು ಅವಳ ನಂಬಿಕೆ.

ಅವಳ ತಮ್ಮನಿಗೆ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ. ಬಂದಾಗಲೆಲ್ಲ ಆಲ್ಬಂ ತೆಗೆದು ರೇಗಿಸುವುದು ಅವನ ಅಭ್ಯಾಸ.

"ಯಾವನೋ ಮನೇಲಿ ಕೂತು ಒತ್ತಿರೋದು ಇದು. ನಕಲಿ ಅಕ್ಕಾ."

"ಪೌಡರ್ ಹಾಕಿ ಹಣ್ಣು ಮಾಡೋನು ನೀನು ಹೇಳ್ಬೇಕು ಕಣೋ ನಕಲಿ ಯಾವ್ದು ಅಂತ," ಅನ್ನುತ್ತಿದ್ದಳು.

ತಿಳಿದವರಿಗೆ ಒಮ್ಮೆ ತೋರಿಸಬೇಕು ಎಂದು ಹೇಳುತ್ತಲೇ ಇದ್ದಳು. ಅಷ್ಟರಲ್ಲಿ ಕಾಯಿಲೆ ಬಂತು. ಆ ಕೆಲಸ ನನಗೆ ಉಳಿಯಿತು. ಅದು ನಿಜವಾಗಿರಲಿ ಎಂದು ನಾನು ಆಸೆಪಟ್ಟಷ್ಟು ಅವಳೂ ಪಟ್ಟಿರಲಾರಳು. ನಕಲಿ ಎಂದಾದರೆ ತಿರುಗಿ ಜಗಳವಾಡಲು ಅವಳಿಲ್ಲವಲ್ಲ.

ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ಸ್ಟಾಂಪು ಪ್ರದರ್ಶನ ನಡೆಯಿತು. ಹಳೆಯ ಸ್ಟಾಂಪು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಹಿರಿಯರೊಬ್ಬರು ಬೆಂಗಳೂರಿನಿಂದ ಬರುತ್ತಾರೆಂದು ಕೇಳಿ ನಮ್ಮೂರು ಕ್ಯಾಲನೂರಿನಿಂದ ಬೆಳಗಿನ ಬಸ್ಸು ಹಿಡಿದೆ. ಬಾಮೈದನೂ ಮಂಡಿ ಬಿಟ್ಟು ಬಂದಿದ್ದ.

ಹಿರಿಯರು ಸ್ಟಾಂಪನ್ನು ಚಿಮಟದಲ್ಲಿ ಹಿಡಿದು ಮೊದಲು ಹಿಂಬದಿ ನೋಡಿದರು. ಹುಬ್ಬು ಗಂಟಿಕ್ಕಿತು. ಲಕೋಟೆಯಿಂದ ನೀರಿನಲ್ಲಿ ಬಿಡಿಸಿದ ಸ್ಟಾಂಪಿಗೆ ಅಂಟು ಉಳಿಯುವುದಿಲ್ಲ, ಇದಕ್ಕೆ ದಪ್ಪಗಿದೆ, ಅನುಮಾನ ಹುಟ್ಟುವುದೇ ಇಂಥ ಕಡೆ ಎಂದರು.

ನನ್ನ ಎದೆ ಹಗುರಾಯಿತು. ಆ ಅಂಟು ನನಗೆ ಗೊತ್ತಿತ್ತು. ನಮ್ಮ ಹಿತ್ತಲಿನ ಬೇವಿನ ಮರದ್ದು. ಪಕ್ಕದ ಮನೆಯವರು ಸಾರು ಕೊಟ್ಟ ಬಟ್ಟಲನ್ನು ಅವಳು ಬರಿದಾಗಿ ಹಿಂತಿರುಗಿಸಿದವಳಲ್ಲ. ಒಂದು ಚೂರು ಬೆಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಒಣಮೆಣಸಿನಕಾಯಿ ಹಾಕುತ್ತಿದ್ದಳು. "ಖಾಳೀಗಾ ಪೆಟ್ಟಕೂಡದು," ಬರಿದಾಗಿ ಇಡಬಾರದು ಎಂದು ತವರಿನ ತೆಲುಗಿನಲ್ಲಿ ಹೇಳುತ್ತಿದ್ದಳು. ಬೆನ್ನು ಬರಿದಾದ ಸ್ಟಾಂಪನ್ನೂ ಹಾಗೆ ಎತ್ತಿಡಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಬೇವಿನ ಅಂಟು ನೆನೆಹಾಕಿ, ಬೆರಳಲ್ಲಿ ತೆಳ್ಳಗೆ ಸವರಿ, ನೆರಳಲ್ಲಿ ಒಣಗಿಸುತ್ತಿದ್ದಳು. ಅವಳ ಲೆಕ್ಕದಲ್ಲಿ ತೆಳ್ಳಗೆ.

ಇದನ್ನು ಹೇಳಿದಾಗ ಹಿರಿಯರು ನಕ್ಕರು. ಆಮೇಲೆ ಸ್ಟಾಂಪಿನ ಮುಂಬದಿಯನ್ನು ಭೂತಗನ್ನಡಿಯ ಕೆಳಗೆ ಬಹಳ ಹೊತ್ತು ನೋಡಿದರು. ಬಾಮೈದ ಉಗುರು ಕಚ್ಚುತ್ತಿದ್ದ. ಕೊನೆಗೆ ನನ್ನನ್ನು ಕರೆದು ಭೂತಗನ್ನಡಿಯಲ್ಲಿ ತೋರಿಸಿದರು. ಅಂಚೆ ಮುದ್ರೆಯ ಮಸಿ ಕಪ್ಪು ಅಕ್ಷರಗಳ ಮೇಲೆ ಹಾದುಹೋಗಿತ್ತು. ಆಮೇಲೆ ಯಾರೋ ಒತ್ತಿದ್ದಾದರೆ ಅಕ್ಷರ ಮುದ್ರೆಯ ಮೇಲೆ ಕೂರುತ್ತಿತ್ತು. ಅಕ್ಷರಗಳ ಅಳತೆಯೂ ಸರಿಯಾಗಿತ್ತು.

"ಅಸಲಿ. ಅನುಮಾನ ಬೇಡ," ಎಂದರು. ಅಂಟನ್ನು ತೊಳೆದುಕೊಡಲೇ, ಇಲ್ಲವಾದರೆ ಪ್ರಮಾಣಪತ್ರದಲ್ಲಿ ಅದನ್ನೂ ಬರೆಯಬೇಕಾಗುತ್ತದೆ ಎಂದೂ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಬಾಮೈದ ಹೇಳಿದ: "ಬರ್ಕೊಳ್ಳಿ ಸಾರ್. ತೊಳೀಬೇಡಿ. ನಮ್ಮಕ್ಕ ಹಚ್ಚಿರೋದು."

ಸ್ವಲ್ಪ ದಿನಕ್ಕೆ ಅಂಚೆಯಲ್ಲಿ ಪ್ರಮಾಣಪತ್ರ ಬಂತು, ಸ್ಟಾಂಪಿನ ಫೋಟೋ ಸಮೇತ. ಅಸಲಿ ಎಂದಿದೆ. ಹಿಂಬದಿಯ ಅಂಟು ನಂತರ ಹಚ್ಚಿದ್ದು ಎಂದೂ ಇದೆ. ಎರಡನೆಯ ಸಾಲನ್ನೇ ನಾನು ಹೆಚ್ಚು ಸಲ ಓದುತ್ತೇನೆ.

ಈ ಸಲ ಬಾಮೈದ ಒಂದು ಬುಟ್ಟಿ ಬಾದಾಮಿ ಮಾವು ತಂದ. ಪೌಡರ್ ಹಾಕಿಲ್ಲ ಬಾವ ಎಂದು ತಾನೇ ಹೇಳಿದ. ಅವನು ಹೊರಡುವಾಗ ಬರಿದಾದ ಬುಟ್ಟಿ ಕೈಗೆ ಕೊಡಲು ಹೋದ ನಾನು ಒಳಗೆ ತಿರುಗಿ, ಎರಡು ಹಿಡಿ ಹುಣಸೆಹಣ್ಣು ತಂದು ಹಾಕಿದೆ. ಅವನು ಬುಟ್ಟಿಯೊಳಗೆ ನೋಡಿದ, ನನ್ನನ್ನು ನೋಡಿದ, ನಗುತ್ತಾ ಗಾಡಿ ಹತ್ತಿದ.